ಹಳೆ ಕಾರಿನ ಟ್ಯೂನಿಂಗ್: ಕಿವಿ ಸಾಕಾ, ಟೈಮಿಂಗ್ ಲೈಟ್ ಬೇಕಾ?

ಕಲಬುರಗಿಯಲ್ಲಿ ಪೆಟ್ರೋಲ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೇ: ಟೈಮಿಂಗ್‌ಗೆ (ಸ್ಪಾರ್ಕ್ ಯಾವ ಕ್ಷಣಕ್ಕೆ ಬರಬೇಕು ಅನ್ನೋದು) ಟೈಮಿಂಗ್ ಲೈಟ್, ಅಂದ್ರೆ ಸ್ಪಾರ್ಕ್ ಬಂದಾಗಲೆಲ್ಲ ಮಿಂಚುವ ದೀಪ ಬಳಸಿ, ಮಿಕ್ಸ್ಚರ್‌ಗೆ (ಗಾಳಿ-ಪೆಟ್ರೋಲ್ ಪ್ರಮಾಣ) ಕಿವಿ ಸಾಕು.

ಕಿವಿಯಿಂದ ಟೈಮಿಂಗ್ ಇಡುವುದು ಸುಲಭ. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಸಡಿಲಿಸಿ ತಿರುಗಿಸಿದರೆ ಆಯ್ತು. ಆದರೆ ಸ್ಪಾರ್ಕ್ ಸ್ವಲ್ಪ ಮುಂಚೆ ಬಂದರೆ ಐಡ್ಲಿಂಗ್ ಇನ್ನೂ ನಯವಾಗಿ ಕೇಳುತ್ತದೆ, ಕಿವಿ ಮೋಸ ಹೋಗುವುದು ಅಲ್ಲೇ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ? ಆಗ ನಾಲ್ಕು ಜನರನ್ನು ಕೂರಿಸಿಕೊಂಡು ಏರು ಹತ್ತಿದರೆ ಎಂಜಿನ್ ಕಟಕಟ ಅನ್ನುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್‌ಗೆ ಪೆಟ್ಟು.

ಲೈಟ್ ಹಿಡಿಯುವ ಮೊದಲು ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಅಂತರ) ಸರಿಮಾಡಿ, ಅದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಪೈಪಿನ ಬಾಯಿ ಮುಚ್ಚಿ. ಎಂಜಿನ್ ಮುಂದಿನ ಪುಲ್ಲಿಯ ಟೈಮಿಂಗ್ ಗುರುತಿಗೆ ಸೀಮೆಸುಣ್ಣ ಹಚ್ಚಿ. ಮಿಂಚುವ ಬೆಳಕಲ್ಲಿ ಆ ಬಿಳಿ ಗೆರೆ ನಿಂತಂತೆ ಕಾಣುತ್ತದೆ. ಆ ಗೆರೆ ಎಷ್ಟು ಡಿಗ್ರಿಯಲ್ಲಿ ನಿಲ್ಲಬೇಕು ಅನ್ನೋದಕ್ಕೆ ನಿಮ್ಮ ಗಾಡಿಯ ಪುಸ್ತಕ ನೋಡಿ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಅಲ್ಲಿಗೆ ತನ್ನಿ. ಲೈಟಿನ ವೈರ್ ಫ್ಯಾನಿಗೆ ತಾಗದಿರಲಿ.

ಮಿಕ್ಸ್ಚರ್ ಯಾವಾಗಲೂ ಆಮೇಲೆ, ಎಂಜಿನ್ ಬಿಸಿಯಾಗಿದ್ದಾಗ. ಕಾರ್ಬ್ಯುರೇಟರ್‌ನ ಮಿಕ್ಸ್ಚರ್ ಸ್ಕ್ರೂ ನಿಧಾನವಾಗಿ ಒಳಗೆ ತಿರುಗಿಸಿ. ಎಂಜಿನ್ ತಡವರಿಸಿದಾಗ ಹೊರಗೆ ತಿರುಗಿಸುತ್ತ ಬಂದು ಸದ್ದು ಸಮವಾದಲ್ಲಿ ನಿಲ್ಲಿಸಿ. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ ಇದ್ದರೆ ಒಳ್ಳೆಯದೇ, ಅದಕ್ಕೆಂದೇ ಸುಮ್ನೆ ದುಡ್ಡು ಹಾಕಬೇಡಿ. ಕೆಲವು ದಿನ ಓಡಿಸಿ ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಇದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ.