ಟಿಡ್ಲಿವಿಕಿಯಲ್ಲಿ ಪಟ್ಟಿ ಒಡೆದು ಸೋಸುವುದು: ಬಹುಕಾಲ ಬಳಸಿದ ಮೇಲೆ

ಟಿಡ್ಲಿವಿಕಿ ಎಂದರೆ ಟಿಪ್ಪಣಿಗಳನ್ನು ಟಿಡ್ಲರ್ ಎಂಬ ಸಣ್ಣ ಸಣ್ಣ ಘಟಕಗಳಲ್ಲಿ ಇಡುವ ವಿಕಿ ತಂತ್ರಾಂಶ. ಅದರ ಫಿಲ್ಟರ್‌ಗಳ, ಅಂದರೆ ಹುಡುಕಿ ಆರಿಸುವ ಸೂತ್ರಗಳ, ಮೂಲ ಕೆಲಸ ಟಿಡ್ಲರ್‌ಗಳ ಶೀರ್ಷಿಕೆಗಳನ್ನು ಆರಿಸುವುದು. ಆದರೆ ಯಾವ ಪಠ್ಯವನ್ನಾದರೂ ತುಂಡರಿಸಿ, ಆ ತುಂಡುಗಳನ್ನೂ ಶೀರ್ಷಿಕೆಗಳಂತೆಯೇ ಸೋಸಲು ಅದು ಬಿಡುತ್ತದೆ. ಈ ಸೌಲಭ್ಯಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಹೋದ ಒಂದು ಅಂಕ ಯಾಕೆ ಹೋಯಿತು ಎಂಬುದೇ ಈ ವಿಮರ್ಶೆಯ ಬಹುಪಾಲು. ಫಿಲ್ಟರ್‌ನ ಒಂದೊಂದು ಹೆಜ್ಜೆಯಾದ ಆಪರೇಟರ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಆವೃತ್ತಿ 5.1.23 ಅಥವಾ ಅದಕ್ಕಿಂತ ಹೊಸದು ಇರಲಿ.

ಸಾಲಿಗೊಂದು ಕೆಲಸ ಬರೆದಿಟ್ಟ ಟಿಡ್ಲರ್ ಇದೆ ಎಂದುಕೊಳ್ಳಿ: "ವರದಿ ಕಳಿಸು | ಬಾಕಿ | 20". ಮೊದಲು ಗೆಟ್ ಆಪರೇಟರಿನಿಂದ ಟೆಕ್ಸ್ಟ್ ಫೀಲ್ಡ್ (ಟಿಡ್ಲರಿನ ಪಠ್ಯವಿರುವ ಭಾಗ) ಎತ್ತಿಕೊಳ್ಳಿ. ಸಾಲು ಒಡೆಯಲು ಸ್ಪ್ಲಿಟ್‌ರೆಗ್‌ಎಕ್ಸ್‌ಪಿ (ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದ ಮಾದರಿ ಕೊಟ್ಟು ಒಡೆಯುವ ಆಪರೇಟರ್) ಬಳಸಿ, ಒಳಗೆ ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್-ಎನ್ ಹಾಕಿ. ಬರೀ ಸ್ಪ್ಲಿಟ್‌ಗೆ ಅದನ್ನೇ ಕೊಟ್ಟರೆ ಆ ಎರಡು ಚಿಹ್ನೆಗಳನ್ನು ಅಕ್ಷರಶಃ ಹುಡುಕುತ್ತದೆ, ಸಾಲು ಒಡೆಯುವುದಿಲ್ಲ. ಆಮೇಲೆ ಟ್ರಿಮ್, ಅಂದರೆ ಎರಡೂ ತುದಿಯ ಖಾಲಿ ಜಾಗ ತೆಗೆಯುವುದು. ಬೇರೆ ಕಡೆಯಿಂದ ಇಂಪೋರ್ಟ್ ಮಾಡಿದ ಫೈಲಿನ ಸಾಲುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಉಳಿದಿದ್ದರೆ ಅದೂ ಇಲ್ಲೇ ಹೋಗುತ್ತದೆ. ಕೊನೆಗೆ ಈಸ್ ಬ್ಲ್ಯಾಂಕ್ ಮುಂದೆ ಆಶ್ಚರ್ಯಸೂಚಕ ಹಾಕಿ ಖಾಲಿ ಸಾಲುಗಳನ್ನು ತೆಗೆಯಿರಿ.

ಬಾಕಿ ಇರುವುದಷ್ಟೇ ಬೇಕೆಂದರೆ ಮುಂದಿನ ರನ್‌ಗೆ (ಚೌಕ ಆವರಣದೊಳಗಿನ ಒಂದು ಆಪರೇಟರ್ ಸರಣಿಗೆ) ಫಿಲ್ಟರ್ ಎಂಬ ಪ್ರಿಫಿಕ್ಸ್, ಅಂದರೆ ಮುಂದೆ ಹಚ್ಚುವ ಗುರುತು, ಕೊಡಿ. ಅದರೊಳಗೆ ಅದೇ ಸಾಲನ್ನು ಲಂಬ ಗೆರೆಯಲ್ಲಿ ಸ್ಪ್ಲಿಟ್ ಮಾಡಿ, ಟ್ರಿಮ್ ಮಾಡಿ, ಎನ್‌ಟಿಎಚ್ 2 ಎಂದು ಎರಡನೇ ತುಂಡನ್ನು ಹಿಡಿದು, ಮ್ಯಾಚ್‌ಗೆ "ಬಾಕಿ" ಕೊಡಿ. ಹೊರಬರುವುದು ತುಂಡಲ್ಲ, ಪೂರ್ತಿ ಸಾಲು. ಟ್ರಿಮ್ ಮರೆತರೆ ಪಟ್ಟಿ ಖಾಲಿ ಬರುತ್ತದೆ, ಯಾಕೆಂದರೆ ಗೆರೆಯ ಅಕ್ಕಪಕ್ಕದ ಸ್ಪೇಸ್ ಕೂಡ ತುಂಡಿನ ಭಾಗ. ಎರರ್ ಮೆಸೇಜ್ ಏನೂ ಬರದು.

ಅತಿ ಹೆಚ್ಚು ಜನ ಎಡವುವುದು ನಕಲುಗಳ ವಿಚಾರದಲ್ಲಿ. "20,20,35" ಎಂಬುದನ್ನು ಅಲ್ಪವಿರಾಮದಲ್ಲಿ ಒಡೆದು, ಅದೇ ರನ್ ಒಳಗೆ ಸಮ್ ಹಾಕಿದರೆ 75 ಬರುತ್ತದೆ. ಸಮ್ ಅನ್ನು ಪ್ಲಸ್ ಪ್ರಿಫಿಕ್ಸ್ ಇರುವ ಮುಂದಿನ ರನ್‌ಗೆ ತಳ್ಳಿದರೆ 55! ಪ್ರಿಫಿಕ್ಸ್ ಇಲ್ಲದ ರನ್ ತನ್ನ ಫಲಿತಾಂಶವನ್ನು ಒಪ್ಪಿಸುವಾಗ ಒಂದೇ ಥರದ ಐಟಂಗಳಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳುತ್ತದೆ. ಶೀರ್ಷಿಕೆಗಳಿಗೆ ಇದು ಸರಿಯಾದ ನಡವಳಿಕೆ, ಲೆಕ್ಕಕ್ಕೆ ಅಪಾಯ. ಮೊದಲ ರನ್ ಮುಂದೆ ಸಮ ಚಿಹ್ನೆ (=) ಇಟ್ಟರೆ ನಕಲುಗಳು ಉಳಿಯುತ್ತವೆ, ಮೊತ್ತ 75ಕ್ಕೆ ಮರಳುತ್ತದೆ. ಕೌಂಟ್‌ಗೂ ಇದೇ ಮಾತು. ಪಟ್ಟಿಯ ಪಠ್ಯವನ್ನು ಬಿಡಿ ಹೆಸರುಗಳಾಗಿ ಬಿಡಿಸುವ ಎನ್‌ಲಿಸ್ಟ್ ಕೂಡ ತಾನಾಗಿಯೇ ನಕಲು ತೆಗೆಯುತ್ತದೆ. ಬೇಡವಾದರೆ ರಾ ಎಂಬ ಸಫಿಕ್ಸ್ ಹಚ್ಚಬೇಕು.

ಎನ್‌ಲಿಸ್ಟ್ ಎಲ್ಲಿ, ಸ್ಪ್ಲಿಟ್ ಎಲ್ಲಿ? ಲಿಸ್ಟ್ ಫೀಲ್ಡಿನಲ್ಲಿ ಸ್ಪೇಸ್ ಇರುವ ಹೆಸರುಗಳು ಜೋಡಿ ಚೌಕ ಆವರಣದಲ್ಲಿರುತ್ತವೆ: [[ಹಳೇ ಕಡತ]]. ಇದನ್ನು ಸ್ಪೇಸಿನಲ್ಲಿ ಸ್ಪ್ಲಿಟ್ ಮಾಡಿದರೆ "[[ಹಳೇ" ಮತ್ತು "ಕಡತ]]" ಎಂಬ ಎರಡು ಮುರುಕು ತುಂಡುಗಳು ಸಿಗುತ್ತವೆ. ಅಲ್ಲಿಗೆ ಎನ್‌ಲಿಸ್ಟೇ ಸರಿ. ಇನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲೇ ಚೌಕ ಆವರಣ ಬೇಕಾದರೆ ನೇರವಾಗಿ ಬರೆಯುವಂತಿಲ್ಲ. ಮೊದಲ ಮುಚ್ಚು ಆವರಣಕ್ಕೇ ಆಪರೇಂಡ್ (ಆಪರೇಟರಿಗೆ ಕೊಟ್ಟ ಮೌಲ್ಯ) ಮುಗಿಯಿತೆಂದು ವಿಕಿ ತಿಳಿಯುತ್ತದೆ. ಅಂಥದ್ದನ್ನು ವೇರಿಯಬಲ್‌ನಲ್ಲಿಟ್ಟು ಕೋನ ಆವರಣದಲ್ಲಿ ಕರೆಯಿರಿ.

ಕನ್ನಡ ಪಠ್ಯಕ್ಕೆ ಬೇರೆಯೇ ಕಾಟ. ಖಾಲಿ ಸ್ಪ್ಲಿಟ್ ಅಕ್ಷರಗಳನ್ನು ಬಿಡಿಸುತ್ತದೆ ಎಂಬ ಮಾತು ಇಂಗ್ಲಿಷಿಗೆ ನಿಜ, ನಮಗಲ್ಲ: "ಕ್ಷ" ಮೂರು ತುಂಡಾಗುತ್ತದೆ, "ಕಾ" ಎರಡು. ಅಕ್ಷರ ಎಣಿಸಲು ಇದನ್ನು ನಂಬಬೇಡಿ. ಜೊತೆಗೆ "ಲಿಸ್ಟ್‌ಗೆ" ಎಂಬಂಥ ಪದಗಳಲ್ಲಿ ಒತ್ತಕ್ಷರ ಬೀಳದಂತೆ ತಡೆಯುವ ಅದೃಶ್ಯ ಚಿಹ್ನೆ ಇರುತ್ತದೆ. "ಲಿಸ್ಟ್" ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಯಲ್ಲಿ ಒಬ್ಬರ ಕೀಬೋರ್ಡ್ ಅದನ್ನು ಸೇರಿಸಿ, ಇನ್ನೊಬ್ಬರದು ಸೇರಿಸದಿದ್ದರೆ, ನೋಡಲು ಒಂದೇ ಆದ ಎರಡು ಐಟಂಗಳು ಮ್ಯಾಚ್ ಆಗುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಚಾರ್‌ಕೋಡ್ ಆಪರೇಟರಿಗೆ 8204 ಕೊಟ್ಟು ಆ ಚಿಹ್ನೆಯನ್ನು ವೇರಿಯಬಲ್‌ಗೆ ಹಾಕಿ, ಸರ್ಚ್-ರಿಪ್ಲೇಸ್‌ನಿಂದ ಅಳಿಸಬಹುದು. ಹೋಲಿಸುವಾಗ ಮಾತ್ರ ಅಳಿಸಿ. ಮೂಲ ಪಠ್ಯದಲ್ಲೇ ಅಳಿಸಿದರೆ ಪದಗಳು "ಲಿಸ್ಟ್ಗೆ" ಎಂದು ಕೂಡಿಕೊಳ್ಳುತ್ತವೆ.

ದೊಡ್ಡ ಮಿತಿ ಎಂದರೆ ಫಿಲ್ಟರ್ ಓದುತ್ತದೆ, ಬರೆಯುವುದಿಲ್ಲ. ತುಂಡರಿಸಿದ ಸಾಲು ಟಿಡ್ಲರ್ ಅಲ್ಲ. ಅದಕ್ಕೆ ಟ್ಯಾಗ್ ಹಚ್ಚಲಾಗದು, ಟಿಕ್ ಮಾಡಿದ್ದು ಮೂಲ ಪಠ್ಯಕ್ಕೆ ತಾನಾಗಿ ಮರಳದು. ಐಟಂ ಸೇರಿಸಿ ತೆಗೆಯುವ ಕೆಲಸ ದಿನವೂ ಇದ್ದರೆ ಲಿಸ್ಟ್ ಫೀಲ್ಡ್ ಮತ್ತು ಅದನ್ನು ಬದಲಿಸುವ ಆ್ಯಕ್ಷನ್-ಲಿಸ್ಟ್‌ಆಪ್ಸ್ ವಿಜೆಟ್ ಬಳಸಿ. ಪ್ರತಿ ಐಟಂಗೂ ಸ್ಥಿತಿ, ದಿನಾಂಕ ಬೇಕಿದ್ದರೆ ಒಂದೊಂದಕ್ಕೂ ಟಿಡ್ಲರ್ ಮಾಡಿ. ಉದ್ದನೆಯ ಪಠ್ಯ ಒಡೆಯುವ ಲಿಸ್ಟ್‌ಗಳು ತೆರೆದೇ ಇದ್ದರೆ ಬೇರೆಲ್ಲೋ ಟೈಪ್ ಮಾಡುವಾಗಲೂ ವಿಕಿ ಎಳೆದಾಡುತ್ತದೆ, ಏಕೆಂದರೆ ರಿಫ್ರೆಶ್ ಆದಾಗಲೆಲ್ಲ ಫಿಲ್ಟರ್ ಮತ್ತೆ ಓಡುತ್ತದೆ. ಅಂಥ ಪಟ್ಟಿಯನ್ನು ರಿವೀಲ್ ವಿಜೆಟ್ ಒಳಗಿಟ್ಟು, ಬೇಕೆಂದಾಗ ಮಾತ್ರ ಬಟನ್ ಒತ್ತಿ ತೆರೆಯುವಂತೆ ಮಾಡಿಕೊಳ್ಳಿ.