ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗೋರು ದುಡ್ಡು ಕಟ್ಟೋ ಮುಂಚೆ ಓದಿ

ಅಕ್ಕನ ಮಗಳನ್ನ ಜರ್ಮನಿಗೆ ಕಳಿಸ್ತೀವಿ ಅಂದ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ 3.5 ಲಕ್ಷ ಕಟ್ಟಿ ಕೂತಿದ್ದೀವಿ. ಸಿಟ್ಟಿಗಿಂತ ನಾಚಿಕೆನೇ ಜಾಸ್ತಿ. ಲೆಕ್ಕ ಮೊದಲ ದಿನವೇ ಕಣ್ಣೆದುರಿಗಿತ್ತು, ಯಾರೂ ಹಾಕಲಿಲ್ಲ.

"ಆರು ತಿಂಗಳಲ್ಲಿ ಬಿ2, ಪ್ಲೇಸ್‌ಮೆಂಟ್ ಫ್ರೀ" ಅಂದ್ರು. ಬಿ2 ಅಂದ್ರೆ ಜರ್ಮನ್ ಭಾಷೆ ಕಲಿಕೆಯ ನಾಲ್ಕನೇ ಹಂತ (ಎ1, ಎ2, ಬಿ1, ಬಿ2). ಕ್ಲಾಸು ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ. 26 ವಾರಕ್ಕೆ 260 ಗಂಟೆ. 45 ನಿಮಿಷದ ಪೀರಿಯಡ್ ಲೆಕ್ಕದಲ್ಲಿ 350 ಕೂಡ ಆಗಲ್ಲ. ಬಿ2 ಮುಟ್ಟೋಕೆ 600ರಿಂದ 800 ಪೀರಿಯಡ್ ಬೇಕು ಅಂತ ಜರ್ಮನ್ ಪರೀಕ್ಷೆ ನಡೆಸೋ ಗೋಥೆ ಇನ್‌ಸ್ಟಿಟ್ಯೂಟೇ ಹೇಳುತ್ತೆ. ಅರ್ಧ ಪಾಠಕ್ಕೆ ಪೂರ್ತಿ ದುಡ್ಡು! ಗೋಥೆ ಪರೀಕ್ಷೆಯಲ್ಲಿ ಓದೋದು, ಕೇಳೋದು, ಬರೆಯೋದು, ಮಾತಾಡೋದು, ನಾಲ್ಕರಲ್ಲೂ ನೂರಕ್ಕೆ 60 ಬರಬೇಕು. ಬರೆಯೋದು, ಮಾತಾಡೋದು ಎರಡೂ ಹೋಯ್ತು. ಆಮೇಲೆ ಕೈಗಿಟ್ಟಿದ್ದು ಚಿನ್ನದ ಬಣ್ಣದ ಅಂಚಿನ, ಅವರದೇ ಸೀಲಿನ 'ಬಿ2 ಸರ್ಟಿಫಿಕೇಟು'. ವೀಸಾಗೆ ಅದು ನಡೆಯಲ್ಲ. ಗೋಥೆ, ಟೆಲ್ಕ್ ಥರದ ಮಾನ್ಯತೆ ಇರೋ ಪರೀಕ್ಷೆಯದ್ದೇ ಬೇಕು.

ದುಡ್ಡು ವಾಪಸ್ ಕೇಳಿದ್ರೆ, "ನಿಮ್ಮ ಹುಡುಗಿ ಮನೇಲಿ ಓದಲಿಲ್ಲ ಸರ್." ಆಗ ರಸೀದಿ ತೆಗೆದು ನೋಡಿದ್ವಿ. 'ಭಾಷಾ ತರಬೇತಿ ಶುಲ್ಕ, ಹಿಂತಿರುಗಿಸುವುದಿಲ್ಲ.' ಇಷ್ಟೇ. ಕೆಲಸ ಅನ್ನೋ ಪದವೇ ಇಲ್ಲ. ಎದೆ ಧಸಕ್ ಅಂತು. ವಿದೇಶಕ್ಕೆ ಕಳಿಸೋ ನೋಂದಾಯಿತ ಏಜೆಂಟು 30,000 ಮತ್ತು ಅದರ ಜಿಎಸ್‌ಟಿ ಬಿಟ್ಟು ಅದಕ್ಕಿಂತ ಜಾಸ್ತಿ ಸರ್ವಿಸ್ ಚಾರ್ಜ್ ತಗೊಳ್ಳೋ ಹಾಗಿಲ್ಲ. ಅದಕ್ಕೇ ಎಲ್ಲಾನೂ 'ತರಬೇತಿ' ಅಂತ ಬರೆಯೋದು. ಲೈಸೆನ್ಸ್ ನಂಬರ್ ಕೇಳಿದ್ವಿ. "ನಾವು ಏಜೆಂಟಲ್ಲ ಸರ್, ಬರೀ ಟ್ರೈನಿಂಗ್." ಸೇರಿಸ್ಕೊಳ್ಳುವಾಗ ಪ್ಲೇಸ್‌ಮೆಂಟು, ಕೇಳೋಕೆ ಹೋದಾಗ ಬರೀ ಟ್ರೈನಿಂಗು!

ಜರ್ಮನಿಯ ಆಸ್ಪತ್ರೆಗಳೂ ಒಬ್ಬೊಬ್ಬ ನರ್ಸಿಗೆ ಇಷ್ಟು ಅಂತ ಏಜೆನ್ಸಿಗಳಿಗೆ ಕೊಡ್ತಾವೆ. ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ ಮೂಲಕ ನರ್ಸುಗಳನ್ನ ಜರ್ಮನಿಗೆ ಕಳಿಸೋ ಯೋಜನೆಯಾದ ಟ್ರಿಪಲ್ ವಿನ್‌ನಲ್ಲಿ ಬಿ1ವರೆಗಿನ ಪಾಠವೇ ಉಚಿತ. ಇಲ್ಲಿ ಅದೇ ಕೆಲಸದ ಹೆಸರಲ್ಲಿ ಅಪ್ಪ ಅಮ್ಮನ ಒಡವೆ ಅಡ ಇಡಿಸ್ತಾರೆ.

ನೋಂದಾಯಿತ ಏಜೆಂಟರ ಪಟ್ಟಿ ಇರೋ ಕೇಂದ್ರ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಇಲ್ಲದವರ ಹತ್ರ ಕೆಲಸದ ಮಾತೇ ಆಡಬೇಡಿ. ಎ1, ಎ2 ಅಂತ ಒಂದೊಂದೇ ಹಂತಕ್ಕೆ ಫೀಸು ಕಟ್ಟಿ, ಪರೀಕ್ಷೆ ಪಾಸಾದ ಮೇಲೆ ಮುಂದಿನದು. ಒರಿಜಿನಲ್ಸ್ ಕೊಡಬೇಡಿ, ಕೊಡಲೇಬೇಡಿ. ಜರ್ಮನಿಗೆ ಅರ್ಜಿ ಹೋಗೋದು ದೃಢೀಕರಿಸಿದ ನಕಲು, ಅನುವಾದದ ಮೇಲೆ.

ನಮ್ಮ ಹುಡುಗಿಯ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇನ್ನೂ ಅವರ ಬೀರುವಿನಲ್ಲೇ ಇವೆ. "ಬ್ಯಾಲೆನ್ಸ್ 40 ಸಾವಿರ ಕಟ್ಟಿ, ತಗೊಂಡೋಗಿ" ಅಂತಾರೆ. ಅವಿಲ್ಲದೆ ಊರಿನ ಆಸ್ಪತ್ರೆಯಲ್ಲೂ ಅವಳನ್ನ ಕೆಲಸಕ್ಕೆ ತಗೋತಿಲ್ಲ.