ಮೈಲೋಮಾ ರೋಗಿಗಳಿಗೆ ಆಹಾರ ಸಲಹೆ: ಆಸ್ಪತ್ರೆಯೊಂದರ ಸೇವೆಯ ವಿಮರ್ಶೆ

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ನಮ್ಮ ತಂದೆಯವರಿಗಾಗಿ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಆಹಾರ ಸಲಹಾ ವಿಭಾಗಕ್ಕೆ ಹೋಗಿದ್ದೆವು. ಅಲ್ಲಿನ ಆಹಾರತಜ್ಞೆ ಪಥ್ಯದ ಮಾತೆತ್ತುವ ಮೊದಲೇ ಕ್ರಿಯಾಟಿನಿನ್ (ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಪರೀಕ್ಷೆ), ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ವರದಿಗಳನ್ನು ಕೇಳಿ ಓದಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಏಕೆಂದರೆ ಈ ಕಾಯಿಲೆ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದಾದ್ದರಿಂದ, ಒಬ್ಬ ರೋಗಿಗೆ ಹಿತವಾದ ಎಳನೀರು ಪೊಟ್ಯಾಸಿಯಂ ಏರಿರುವ ಇನ್ನೊಬ್ಬರಿಗೆ ಅಪಾಯಕಾರಿಯಾಗಬಹುದು.

ರಕ್ತದಲ್ಲಿ ಪ್ರೋಟೀನ್ ಹೆಚ್ಚಿದೆಯೆಂದು ಬೇಳೆಕಾಳು, ಮೊಟ್ಟೆಗಳನ್ನು ಬಿಡಬೇಕೇ ಎಂಬುದು ನಮ್ಮ ತಾಯಿಯವರ ದೊಡ್ಡ ಆತಂಕವಾಗಿತ್ತು. ವರದಿಯಲ್ಲಿ ಕಾಣುವ ಎಂ ಪ್ರೋಟೀನ್ ಊಟದಿಂದ ಬರುವುದಲ್ಲ, ಈ ಕಾಯಿಲೆಯಲ್ಲಿ ಅಸಹಜವಾಗಿ ಬೆಳೆಯುವ ಪ್ಲಾಸ್ಮಾ ಕೋಶಗಳು (ಒಂದು ಬಗೆಯ ಬಿಳಿರಕ್ತಕಣಗಳು) ತಯಾರಿಸುವುದು ಎಂದು ಆಹಾರತಜ್ಞೆ ತಾಳ್ಮೆಯಿಂದ ತಿಳಿಸಿದರು. ಈ ಒಂದು ವಿವರಣೆಗಾಗಿಯಾದರೂ ಅಲ್ಲಿಗೆ ಹೋದದ್ದು ಸಾರ್ಥಕ.

ಬಂಧುಗಳು ಕೊಟ್ಟಿದ್ದ ಗ್ರೀನ್ ಟೀ ಸಾರದ ಮಾತ್ರೆಗಳನ್ನು ಅವರು ತಕ್ಷಣ ನಿಲ್ಲಿಸಲು ಹೇಳಿದರು. ಅದರಲ್ಲಿರುವ ಇಜಿಸಿಜಿ ಎಂಬ ಅಂಶವು ಮೈಲೋಮಾಕ್ಕೆ ಕೊಡುವ ಬೋರ್ಟೆಜೋಮಿಬ್ ಔಷಧದ ಪರಿಣಾಮವನ್ನು ತಡೆಯುತ್ತದೆಂದು 2009ರಲ್ಲೇ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತ್ತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುವ ದಿನಗಳಲ್ಲಿ ರಕ್ತದ ಸಕ್ಕರೆ ಅಂಶ ಏರುವುದರಿಂದ ಸಿಹಿ ಕಡಿಮೆ ಮಾಡುವುದು, ಬಿಳಿರಕ್ತಕಣ ಇಳಿದಾಗ ಸೋಂಕಿನ ಭಯವಿರುವುದರಿಂದ ಹೊರಗಿನ ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು ತಿನ್ನದಿರುವುದು ಇತ್ಯಾದಿಗಳೂ ಚರ್ಚೆಗೆ ಬಂದವು.

ಕೊರತೆಯೆಂದರೆ, ಕೊಟ್ಟ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅಡುಗೆ ಮಾಡುವವರು ಓದಲಾಗದ ಕೈಪಿಡಿಯಿಂದ ಪ್ರಯೋಜನ ಕಡಿಮೆ. ಹೋಗುವವರು ಇತ್ತೀಚಿನ ರಕ್ತಪರೀಕ್ಷೆಯ ವರದಿಗಳನ್ನೂ, ಸೇವಿಸುತ್ತಿರುವ ಎಲ್ಲ ಔಷಧ, ಕಷಾಯ, ಚೂರ್ಣಗಳ ಪಟ್ಟಿಯನ್ನೂ ತಪ್ಪದೆ ಒಯ್ಯಬೇಕು.